ನಾಲ್ಕು ಬೆರಳಿನಷ್ಟು ಮರ

"ಕಾಲು ತೊಳ್ಕಂಡು ಹಾಕ್ಕೊಳ್ಳಲಾ ಬೋಳಿಮಗನೆ. ಅದೇನು ನಿಮ್ಮಪ್ಪನ ಬೂಟಲ್ಲ," ಎಂದ ಗಿಬ್ಸನ್.

ನೇಸನ್ ಬಕೆಟ್ಟಿನಲ್ಲಿ ಕಾಲದ್ದಿದ. ಮರ ಕಡಿಯುವ ಹದಿನಾಲ್ಕು ಜನ ಕ್ಯಾಂಪ್ ಆಫೀಸಿನ ಮುಂದೆ ನಿಂತಿದ್ದರು, ಎಲ್ಲರ ಕಾಲಲ್ಲೂ ರಬ್ಬರ್ ಚಪ್ಪಲಿ. ಸೂಪರ್‌ವೈಸರ್ ಗಿಬ್ಸನ್ ತಗಡಿನ ಪೆಟ್ಟಿಗೆಯ ಬೀಗ ತೆಗೆದು ಒಂದೊಂದನ್ನೇ ನೇಸನ್ನನ ಕಡೆ ಎಸೆಯುತ್ತಿದ್ದ. ಹೆಲ್ಮೆಟ್ಟು, ಮುಂಗಾಲಿಗೆ ಉಕ್ಕು ಹಾಕಿದ ಬೂಟು, ಮೋಟಾರ್ ಗರಗಸ ತಗುಲಿದರೆ ಒಳಗಿನ ನಾರು ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುವ ದಪ್ಪನೆಯ ಕಿತ್ತಳೆ ಪ್ಯಾಂಟು. ಮೂರು ವರ್ಷದಿಂದ ಹದಿನಾಲ್ಕು ಜನಕ್ಕೆ ಇದ್ದದ್ದು ಇದೊಂದೇ ಜೊತೆ. ಹೊರಗಿನವರು ಬಂದ ದಿನ ಪೆಟ್ಟಿಗೆಯಿಂದೆದ್ದು, ಯಾವನೋ ಒಬ್ಬನ ಮೈಮೇಲೆ ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಮತ್ತೆ ಪೆಟ್ಟಿಗೆ ಸೇರುತ್ತಿತ್ತು.

ಇವತ್ತು ಮರ ಕೊಳ್ಳುವ ದೇಶದವರು ಕಳಿಸಿದ ತಪಾಸಣೆಯವನು ಬಂದಿದ್ದ. ಇಲ್ಲಿ ಎಲ್ಲ ಸರಿಯಿದೆ ಎಂದು ಅವನು ರುಜು ಹಾಕಬೇಕು, ಮಧ್ಯಾಹ್ನದ ದೋಣಿಗೆ ರಾಜಧಾನಿ ಹೊನಿಯಾರಾಗೆ ಹೊರಡಬೇಕು. ಗಿಬ್ಸನ್ ಅವನಿಗೆ ಎಳನೀರು ಕೊಚ್ಚಿಸಿ ಕೊಟ್ಟಿದ್ದ. ನಮ್ಮವರಿಗೆ ಯಾವತ್ತೂ ಒಂದು ಲೋಟ ನೀರು ಕೊಟ್ಟವನಲ್ಲ ಆ ಮಹಾರಾಯ.

ನೇಸನ್ ಬೆಳಿಗ್ಗೆಯೇ ಕೇಳಿದ್ದ. ಇದೊಂದು ಜೊತೆಯಾದರೂ ಪೆಟ್ಟಿಗೆಗೆ ಹೋಗದಿರಲಿ, ದಿನಕ್ಕೊಬ್ಬರಂತೆ ಹಾಕಿಕೊಳ್ಳುತ್ತೇವೆ, ಪ್ರತಿ ಮರಕ್ಕೂ, ಅದು ಬೀಳುವಾಗ ತಪ್ಪಿಸಿಕೊಂಡು ಓಡುವ ದಾರಿ ಸವರಲು ಹೊತ್ತು ಕೊಡಿ ಎಂದಿದ್ದ.

"ನಿಮ್ಮ ತಾತ ಬರಿಗಾಲಲ್ಲೇ ಕಾಡು ತಿರುಗ್ಲಿಲ್ವೇನ್ಲಾ?" ಎಂದು ಗಿಬ್ಸನ್ ನಕ್ಕಿದ್ದ. "ಓಡೋ ದಾರಿ ಅಂತೆ. ಹೇಡಿ ನನ್ಮಗನೆ."

ಜೋಬಿ ಹೇಡಿಯಾಗಿರಲಿಲ್ಲ. ನೇಸನ್ನನ ತಂಗಿ ಎಲ್ಮಾಳ ಗಂಡ ಅವನು. ಹೋದ ತಿಂಗಳು ಅವನು ಕೊಯ್ದ ಮರ ಬೀಳುತ್ತಾ, ನೆತ್ತಿಯಲ್ಲಿ ಹೆಣೆದುಕೊಂಡಿದ್ದ ಬಳ್ಳಿಯ ಜೊತೆಗೆ ಪಕ್ಕದ ಮರದ ಒಣಕೊಂಬೆಯನ್ನೂ ಎಳೆದು ತಂದಿತು. ಬಳ್ಳಿ ಕಡಿಯಲು ಹೊತ್ತು ಕೊಟ್ಟಿರಲಿಲ್ಲ, ದಾರಿ ಸವರಲೂ ಬಿಟ್ಟಿರಲಿಲ್ಲ. ಜೋಬಿ ಓಡಿದ. ಚಪ್ಪಲಿಯ ಉಂಗುಟ ಬೇರಿಗೆ ಸಿಕ್ಕಿ ಕಿತ್ತುಬಂತು. ಮುಗ್ಗರಿಸಿದವನ ಮೇಲೆ ಕೊಂಬೆ ಬಿದ್ದು ಅಲ್ಲೇ ಸತ್ತ. ಕುಡಿದು ಕೆಲಸಕ್ಕೆ ಬಂದಿದ್ದ ಎಂದು ಗಿಬ್ಸನ್ ಬರೆದು ಕಳಿಸಿದ. ಜೋಬಿ ಶನಿವಾರ ಪ್ರಾರ್ಥನೆಗೆ ಸೇರುವ ಕ್ರೈಸ್ತ ಸಭೆಯವನು, ಹೆಂಡವಿರಲಿ, ಚಹಾ ಕೂಡ ಮುಟ್ಟುತ್ತಿರಲಿಲ್ಲ. ಎಲ್ಮಾ ಈಗಲೂ ಕ್ಯಾಂಪಿನ ಅಡಿಗೆಮನೆಯಲ್ಲಿ ಅದೇ ಗಿಬ್ಸನ್ನನಿಗೆ ಅನ್ನ ಬೇಯಿಸುತ್ತಾಳೆ.

ತೋರಿಸಲು ಆರಿಸಿದ್ದು ರಸ್ತೆಯಂಚಿನ ಕ್ವಿಲಾ ಮರ, ಮೂವರು ಕೈಹಿಡಿದರೂ ತಬ್ಬಲಾಗದ್ದು. ಕ್ಯಾಂಪಿನಿಂದ ದೋಣಿಕಟ್ಟೆಗೆ ಇರುವುದು ಅದೊಂದೇ ರಸ್ತೆ. ಮರವನ್ನು ರಸ್ತೆಗೆ ಅಡ್ಡ ಕೆಡವುವುದು, ಬುಲ್‌ಡೋಜರ್ ಅದನ್ನು ಎಳೆದು ಹಾಕುವುದು, ತಪಾಸಣೆಯ ಸಾಹೇಬನ ಜೀಪು ಹೋಗುವುದು. ಹಾಗೆಂದು ಗಿಬ್ಸನ್ನನ ಲೆಕ್ಕಾಚಾರ.

ನೇಸನ್ ಆತುರಪಡಲಿಲ್ಲ. ಮರವನ್ನು ಸುತ್ತುಹಾಕಿ ಅದರ ವಾಲು ನೋಡಿದ, ನೆತ್ತಿಯಲ್ಲಿ ಗಾಳಿ ಎತ್ತಲಿಂದ ಎಂದು ನೋಡಿದ. ಸುತ್ತಿದ್ದ ಬಳ್ಳಿಗಳನ್ನು ಕಡಿದ. ಮರ ಬೀಳುವ ದಿಕ್ಕಿಗೆ ಬೆನ್ನಾಗಿ, ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಓಡುವ ದಾರಿ ಸವರಿದ. ಎರಡು ಉದ್ದನೆಯ ಬಳ್ಳಿ ತಂದು, ಮರದ ಆಚೆಗೂ ಈಚೆಗೂ ಬಲು ದೂರದಲ್ಲಿ, ಯಾರೂ ದಾಟದಂತೆ ರಸ್ತೆಗೆ ಅಡ್ಡ ಕಟ್ಟಿದ. ನೋಡಿ, ನಮ್ಮಲ್ಲಿ ಸುರಕ್ಷತೆಯೆಂದರೆ ಇಷ್ಟು ಎಂದು ಗಿಬ್ಸನ್ ಸಾಹೇಬನಿಗೆ ಹಲ್ಲು ಕಿರಿದ. ಅವನು ನಾಲ್ಕಾರು ಫೋಟೋ ತೆಗೆದ.

ಗರಗಸ ಗುಡುಗಿತು. ಬೀಳುವ ಕಡೆಗೆ ಬಾಯಿ ಕೊಯ್ದು ತುಂಡು ತೆಗೆದ. ಹಿಂದಕ್ಕೆ ಬಂದು ಬಾಯಿಗಿಂತ ತುಸು ಮೇಲೆ ಕೊಯ್ಯತೊಡಗಿದ, ಸಂದಿನಲ್ಲಿ ಬೆಣೆ ಬಡಿದ. ಮರವನ್ನು ಹಿಡಿದು ಮೆಲ್ಲಗೆ ಮಲಗಿಸಲು ನಡುವೆ ಒಂದು ಪಟ್ಟಿ ಉಳಿಸಬೇಕು. ಇನ್ನು ನಾಲ್ಕೇ ಬೆರಳಿನಷ್ಟು ಮರ ಉಳಿದಾಗ ಗರಗಸ ಆರಿಸಿದ. ಬೆಣೆಗೆ ಇನ್ನೆರಡು ಪೆಟ್ಟು ಬಿದ್ದರೆ ಸಾಕಿತ್ತು. ಅವನು ಗರಗಸವನ್ನು ಬುಡದಲ್ಲೇ ಇಟ್ಟು, ಸವರಿದ ದಾರಿಯಲ್ಲಿ ನಡೆದು ಬಂದುಬಿಟ್ಟ.

ಕೊಯ್ದ ಮರವನ್ನು ನಿಲ್ಲಿಸಿ ಬರುವುದು ಈ ಕಸುಬಿನಲ್ಲಿ ಪಾಪ. ಅಪ್ಪ ಮೊದಲು ಕಲಿಸಿದ್ದೇ ಅದು. ಆದರೂ ನೇಸನ್ ತಿರುಗಿ ನೋಡಲಿಲ್ಲ.

ಏನಾಯಿತೋ, ಮುಗಿಸೋ ಎಂದು ಗಿಬ್ಸನ್ ಕೂಗಿದ. ನೇಸನ್ ಸಾಹೇಬನೆದುರು ನಿಂತು ಹೆಲ್ಮೆಟ್ಟು ತೆಗೆದ. ಬೂಟು ಬಿಚ್ಚಿದ, ಪ್ಯಾಂಟು ಕಳಚಿದ. ಹರಿದ ಚಡ್ಡಿಯಲ್ಲಿ, ರಸ್ತೆಯಂಚಿಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ನಿಂತ. ಅದರ ಒಂದು ಉಂಗುಟಕ್ಕೆ ತಂತಿ ಸುತ್ತಿತ್ತು. ಅದು ಜೋಬಿಯ ಚಪ್ಪಲಿ.

"ದಿನಾ ಹಿಂಗೇ ಕೊಯ್ಯದು ಸಾಮಿ. ಈಗ ಹಿಡ್ಕಳಿ ಫೋಟೋ."

ಗಿಬ್ಸನ್ನನ ಮುಖ ಕಪ್ಪಿಟ್ಟಿತು. ಇವನಿಗೆ ತಲೆ ಕೆಟ್ಟಿದೆ ಸಾರ್, ಭಾವಮೈದುನನಂತೆ ಇವನೂ ಕುಡುಕ ಎಂದ. ಅಡಿಗೆಮನೆಯಿಂದ ಬಂದು ನಿಂತಿದ್ದ ಎಲ್ಮಾ ಅವನತ್ತ ಕ್ಯಾಕರಿಸಿ ಉಗಿದಳು. ಸಾಹೇಬ ಬಾಗಿ ಹೆಲ್ಮೆಟ್ಟು ಎತ್ತಿಕೊಂಡು ಒಳಗೆ ನೋಡಿದ. ಮೂರು ವರ್ಷದಿಂದ ದಿನಾ ಹಾಕುತ್ತಾರೆ ಎಂದು ಗಿಬ್ಸನ್ ಅವನಿಗೆ ಹೇಳಿದ್ದ. ಪಟ್ಟಿಯ ಮೇಲೆ ಇವತ್ತಿನ ಬೆವರು ಬಿಟ್ಟರೆ ಒಂದು ಕಲೆಯಿರಲಿಲ್ಲ, ಅಂಗಡಿಯ ಚೀಟಿ ಹಾಗೇ ಅಂಟಿತ್ತು. ಉಳಿದ ಹದಿಮೂರು ಜೊತೆ ಎಲ್ಲಿ ಎಂದು ಕೇಳಿದ. ಗಿಬ್ಸನ್ ಪೆಟ್ಟಿಗೆಯ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಚುಕುತ್ತಾ ನಿಂತ.

ಆಮೇಲೆ ಮಿಕ್ಕವರ ಮೇಲೆ ಹರಿಹಾಯ್ದ. ಹೋಗ್ರೋ, ಯಾರಾದರೂ ಕೆಡವ್ರೋ ಎಂದ. ಒಬ್ಬೊಬ್ಬರಾಗಿ ಹದಿಮೂರು ಜನವೂ ರಸ್ತೆಯ ಮೇಲೆ ಕೂತರು. ಒಬ್ಬ ಬೇಯಿಸಿದ ಮರಗೆಣಸಿನ ಪೊಟ್ಟಣ ಬಿಚ್ಚಿದ.

"ನೀನೇ ಹೋಗು," ಎಂದ ನೇಸನ್. "ಬೂಟ್ ಇಲ್ಲೇ ಅದೆ. ಓಡೋ ದಾರೀನೂ ಸವರಿವ್ನಿ, ಎರಡೆರಡು."

ದೋಣಿಕಟ್ಟೆಯ ಕಡೆಯಿಂದ ದೋಣಿ ಎರಡು ಸಲ ಕೂಗಿತು. ಸಾಹೇಬ ಮರದ ನೆತ್ತಿ ನೋಡಿದ, ಅಡ್ಡ ಕಟ್ಟಿದ ಬಳ್ಳಿ ನೋಡಿದ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಮರದ ಕೆಳಗೆ ಜೀಪು ಹೋಗುವಂತಿರಲಿಲ್ಲ, ಅವನು ಬಳ್ಳಿ ದಾಟಲಿಲ್ಲ. ಗಿಬ್ಸನ್ ಹತ್ತಿರ ಬಂದು ದನಿ ತಗ್ಗಿಸಿ, "ಮುಗಿಸಪ್ಪಾ ನೇಸನ್," ಎಂದ. ಮೂರು ವರ್ಷದಲ್ಲಿ ಅವನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

"ಹದ್ನಾಕು ಜೊತೆ ಬರ್ಲಿ. ಜೋಬಿ ಕುಡುಕ ಅಂತ ಬರ್ದಿದ್ದು ಅಳಿಸು. ಅಲ್ಲೀಗಂಟ ನಿಂತಿರ್ಲಿ ಅದು."

ಮಧ್ಯಾಹ್ನದ ಕಡಲಗಾಳಿ ಏಳುತ್ತಿತ್ತು. ಬುಡದಲ್ಲೆಲ್ಲೋ ಟಕ್ ಎಂದಿತು. ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ನೇಸನ್ ಸರಿಯಲಿಲ್ಲ. ನಾಲ್ಕು ಬೆರಳಿನಲ್ಲಿ ಈಗ ಎಷ್ಟು ಉಳಿದಿದೆಯೆಂದು ಅವನೊಬ್ಬನಿಗೇ ಗೊತ್ತಿತ್ತು.