ಕನ್ನಡಕ ತುಳಿದವನು

ಅವನನ್ನು ಪಾಸ್ಟರು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಬಿಳಿ ಕೋಟು ಅನ್ನುತ್ತೇನೆ, ಅಷ್ಟು ಸಾಕು. ಹೋದ ತಿಂಗಳು ನಮ್ಮ ಸಭೆಗೆ ಬಂದು ವಕ್ಕರಿಸಿದ. ಬಂದವನೇ, ಕನ್ನಡಕ ಅಂದರೆ ಅಪನಂಬಿಕೆ ಎಂದು ಮುದುಕರ ಮೂಗಿನ ಮೇಲಿದ್ದುದನ್ನೆಲ್ಲ ಬಿಚ್ಚಿಸಿ, ವೇದಿಕೆ ಮೇಲಿನ ಗಾಜಿನ ಪೆಟ್ಟಿಗೆಗೆ ತುಂಬಿಸಿದ. ಮೊದಲು ಕೊಟ್ಟವಳು ನನ್ನಮ್ಮ. ಅವಳದ್ದನ್ನು ಮಾತ್ರ ಪೆಟ್ಟಿಗೆಗೆ ಹಾಕಲಿಲ್ಲ. ನೆಲಕ್ಕಿಟ್ಟು, ಎಲ್ಲರೆದುರು ಬೂಟುಗಾಲಲ್ಲಿ ತುಳಿದ. ಜನ ಚಪ್ಪಾಳೆ ತಟ್ಟಿದರು. ಥೂ!

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಅಮ್ಮನ ಆ ಕನ್ನಡಕ ಮಾಡಿಕೊಟ್ಟವಳೂ ನಾನೇ. ಆದರೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಬೆಳಿಗ್ಗೆ ಸತ್ಯವೇದ ಓದದೆ ಅಮ್ಮ ಬಾಯಿಗೆ ನೀರು ಹಾಕಿದವಳಲ್ಲ. ಈಗ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಕೂತು, ಒಂದಕ್ಷರವೂ ಕಾಣದೆ ಮುಚ್ಚಿಡುತ್ತಾಳೆ. ಒಲೆ ಮೇಲಿನ ಪಾತ್ರೆ ತಾಗಿ ಕೈ ಸುಟ್ಟುಕೊಂಡಿದ್ದಾಳೆ.

"ಹೊಸದು ಮಾಡಿದೀನಿ, ಹಾಕ್ಕೊಳಮ್ಮ" ಎಂದೆ.

"ಬೇಡ ಕಣೇ. ನನ್ನ ನಂಬಿಕೇಲೇ ಏನೋ ಕಡಿಮೆ ಇದೆ. ಅದಕ್ಕೇ ದೇವರು ನನ್ನಿಂದ ಮುಖ ತಿರುಗಿಸಿಬಿಟ್ಟಿದಾನೆ."

ಕುರುಡನನ್ನು ಕೈಹಿಡಿದು ನಡೆಸಿದ ಯೇಸುವಿನ ಹೆಸರು ಹೇಳಿಕೊಂಡು ಈ ಮನುಷ್ಯ ನನ್ನಮ್ಮನ ಓದು ಕಿತ್ತುಕೊಂಡ. ಅದೂ ಸಾಲದೆಂದು, ತಪ್ಪು ಅವಳದೇ ಎಂದು ನಂಬಿಸಿದ. ಅವನ ಹೆಸರೆತ್ತಿದರೂ ಹೇಸಿಗೆ.

ಭಾನುವಾರ ಹೊಸ ಕನ್ನಡಕವನ್ನು ಕೈಚೀಲದಲ್ಲಿಟ್ಟುಕೊಂಡೇ ಹೋದೆ. ಬಿಳಿ ಕೋಟು, ಕಣ್ಣು ವಾಸಿಯಾಯಿತೆಂದು ಸಾಕ್ಷಿ ಹೇಳಲು ಅಮ್ಮನನ್ನೇ ವೇದಿಕೆಗೆ ಕರೆದ. ಅಮ್ಮ ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವಳು. ಆ ಸಭೆಯ ಅರ್ಧ ಜನ ಅವಳ ಕೈಯಲ್ಲೇ ಅಕ್ಷರ ಕಲಿತವರು, ಕೀಬೋರ್ಡ್ ಬಾರಿಸುವ ದಢಿಯನೂ ಸೇರಿ. ತನಗೆ ಓದಲು ಎದುರುಗೋಡೆ ಮೇಲೆ ಗೇಣುದ್ದದ ಅಕ್ಷರ ಮೂಡಿಸಿಕೊಂಡಿದ್ದ ಆ ಭೂಪ, ಅಮ್ಮನ ಕೈಗೆ ಸಣ್ಣಕ್ಷರದ ಪುಸ್ತಕ ಕೊಟ್ಟು ಮೈಕು ಹಿಡಿದ.

"ಕುರುಬನ ಕೀರ್ತನೆ ಓದಿ, ಟೀಚರಮ್ಮ!"

"ಯೆಹೋವನು ನನಗೆ ಕುರುಬನು" ಎಂದು ಅಮ್ಮ ಶುರುಮಾಡಿದಳು. ಜನ ಹೋ ಎಂದು ಎದ್ದು ನಿಂತರು. ಎರಡು ಸಾಲು ಆಗುವಷ್ಟರಲ್ಲಿ ಅವಳೇ ನಿಲ್ಲಿಸಿದಳು.

"ಇದು ಬಾಯಿಪಾಠ. ಕಣ್ಣಿಗೆ ಏನೂ ಕಾಣ್ತಿಲ್ಲ."

ಅವನು ಮೈಕಿಗೆ ಅಂಗೈ ಮುಚ್ಚಿದ. ನಾನು ಆಗಲೇ ಮೆಟ್ಟಿಲ ಬಳಿ ಬಂದಿದ್ದರಿಂದ ನನಗೆ ಕೇಳಿಸಿತು. "ಕಾಣ್ತಿದೆ ಅಂತ ಸುಮ್ನೆ ಹೇಳಮ್ಮ, ಜನ ನೋಡ್ತಿದಾರೆ" ಎಂದು ಹಲ್ಲು ಕಡಿದ.

"ದೇವರೂ ನೋಡ್ತಿದಾನಲ್ಲಪ್ಪ" ಎಂದಳು ಅಮ್ಮ. ಆಮೇಲೆ ನನ್ನ ಕಡೆ ಕೈ ಚಾಚಿದಳು. "ನಿನ್ನ ಹಟ ನನಗೆ ಗೊತ್ತಿಲ್ವೇನೇ? ತಂದಿರ್ತೀಯ, ಕೊಡು."

ಓಡಿಹೋಗಿ ನಾನೇ ಹಾಕಿದೆ. ಅಮ್ಮ ಮೊದಲು ಅವನ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ಹಾಳೆ ತಿರುವತೊಡಗಿದಳು.

"ನೋಡಿ! ಟೀಚರಮ್ಮನಿಗೆ ಕಣ್ಣು ಬಂತು! ಹಲ್ಲೆಲೂಯಾ!" ಎಂದು ಅವನು ಅರಚಿದ.

ಅಯ್ಯೋ ದೇವರೇ, ಕನ್ನಡಕ ಅವಳ ಮೂಗಿನ ಮೇಲೇ ಇದೆ! ಆದರೂ ಮುಂದಿನ ಸಾಲಿನವರು ಕೈಯೆತ್ತಿ ಅತ್ತರು. ಪಾಪ, ಅವರದೆಲ್ಲ ಆ ಪೆಟ್ಟಿಗೆಯಲ್ಲಿತ್ತು, ಕಂಡಿರಲಿಕ್ಕಿಲ್ಲ.

ಕುರಿಗಳನ್ನು ಮೇಯಿಸದೆ ತಾವೇ ಕೊಬ್ಬಿದ ಕುರುಬರಿಗೆ ದೇವರು ಛೀಮಾರಿ ಹಾಕುವ ಜಾಗ ಅಮ್ಮನಿಗೆ ಸಿಕ್ಕಿತ್ತು. ಗಟ್ಟಿಯಾಗಿ ಓದಿದಳು. ಅವನು ಮೈಕನ್ನು ಅವಳ ಬಾಯಿಂದ ದೂರ ಸರಿಸಿದ. ಐವತ್ತು ಮಕ್ಕಳ ಗಲಾಟೆ ಅಡಗಿಸಿದ ಗಂಟಲಿಗೆ ಮೈಕು ಯಾಕೆ? ಕೊನೆಗೆ ಕೀಬೋರ್ಡಿನವನಿಗೆ ಸನ್ನೆ ಮಾಡಿದ. ಸಭೆಯೇ ನಡುಗುವಂತೆ ಸಂಗೀತ ಎದ್ದಿತು.

ಅಮ್ಮ ಓದು ನಿಲ್ಲಿಸಿ, ಕನ್ನಡಕದ ಮೇಲಿನಿಂದ ಕೀಬೋರ್ಡಿನವನನ್ನೇ ನೋಡುತ್ತ ಕಾದಳು, ತರಗತಿಯಲ್ಲಿ ಕಾಯುತ್ತಿದ್ದ ಹಾಗೆ. ದಢಿಯ ಎರಡೂ ಕೈ ತೆಗೆದು ತೊಡೆ ಮೇಲಿಟ್ಟುಕೊಂಡ.

ಅಮ್ಮ ಮತ್ತೆ ಮೊದಲಿಂದ ಓದಲು ಹೊರಟಳು. ಅಷ್ಟರಲ್ಲಿ ಮುಂದಿನ ಸಾಲಿನ ಮುದುಕರೊಬ್ಬರು ತಡವರಿಸುತ್ತ ಮೆಟ್ಟಿಲು ಹತ್ತಿ ಬಂದರು.

"ಸ್ವಲ್ಪ ಇರಿ ಟೀಚರಮ್ಮ, ನಾನೂ ನೋಡ್ಕೊಂಡು ಕೇಳ್ತೀನಿ" ಎಂದು ಪೆಟ್ಟಿಗೆಯ ಮುಚ್ಚಳ ತೆಗೆದರು.