ಹಂಪಯ್ಯ ಎಂಬ ಬುಷ್

ಇಪ್ಪತ್ತೆರಡು ವರ್ಷ ಒಂಬತ್ತನೇ ತರಗತಿಯ ಹಿಂದಿನ ಬೆಂಚಿಗೆ ಕನ್ನಡ ವ್ಯಾಕರಣ ಕಲಿಸಿದವನು ನಾನು. ಆದರೂ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಲೇಥ್ ಅಂಗಡಿ ಇಟ್ಟಿರುವ ಜಂಬಣ್ಣನಂಥ ಮೊಂಡನನ್ನು ನೋಡಿಲ್ಲ. ಕಂಪನಿಗಳು ಕೊಟ್ಟ ಹೆಸರು, ನಂಬರು ಅವನಿಗೆ ಬೇಕಿಲ್ಲ. ಯಾವ ಬಿಡಿಭಾಗವನ್ನು ಯಾರು ಮೊದಲು ಮುರಿದುಕೊಂಡು ತರುತ್ತಾರೋ, ಆ ಭಾಗಕ್ಕೆ ಅವರದೇ ಹೆಸರು. ಜೀನ್ಸ್ ಹೊಲಿಯುವ ಯಂತ್ರದ ಉಗುರಿನಷ್ಟು ಪಿನ್ನಿಗೆ ನಾಗಲಕ್ಷ್ಮಿ ಎನ್ನುತ್ತಾನೆ. ನಿಜವಾದ ನಾಗಲಕ್ಷ್ಮಿ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಹೆಂಗಸು. ನನ್ನ ನೀರಿನ ಪಂಪಿಗೆ ಬೇಕಾದ ಸ್ಪ್ರಿಂಗಿನ ಹೆಸರು ಚನ್ನಬಸವ.

ಇದರ ಮೇಲೊಂದು ನಿಯಮ ಬೇರೆ. ಹೋದ ವರ್ಷ ಯಾರೋ ಬೆರಳು ತೋರಿಸಿ ತಪ್ಪು ಭಾಗ ಒಯ್ದು, ಗೇರ್ ಬಾಕ್ಸ್ ಪುಡಿ ಮಾಡಿಕೊಂಡು ಬಂದು ಜಗಳ ತೆಗೆದಿದ್ದರು. ಅಂದೇ ಜಂಬಣ್ಣ ದುರ್ಗಮ್ಮನ ಮೇಲೆ ಆಣೆ ಇಟ್ಟ. ಒಯ್ಯುವವರು ತಮ್ಮ ಬಾಯಿಂದ ಹೆಸರು ಹೇಳಬೇಕು, ಇಲ್ಲದಿದ್ದರೆ ಮಾಲು ಇಲ್ಲ.

ಅವತ್ತು ಮಧ್ಯಾಹ್ನ ನಾನು ಚನ್ನಬಸವನಿಗಾಗಿ ಕಾಯುತ್ತಿದ್ದಾಗ ಕುರುಗೋಡಿನ ಪಕ್ಕೀರಮ್ಮ ಬಂದಳು. ಅವಳ ಭತ್ತ ಕೊಯ್ಯುವ ಮಿಷನ್ನು ಸಿರುಗುಪ್ಪದ ಹತ್ತಿರ ಗದ್ದೆಯ ನಡುವೆ ನಿಂತುಬಿಟ್ಟಿತ್ತು. ಒಳಗಿನ ಹಿತ್ತಾಳೆ ಬಳೆ, ಅಂದರೆ ಬುಷ್, ಒಡೆದು ಕೆಸರಲ್ಲಿ ಬಿದ್ದಿತ್ತು. ಮೋಡ ಕಟ್ಟಿತ್ತು. ಸಂಜೆಯೊಳಗೆ ಮಿಷನ್ನು ಓಡದಿದ್ದರೆ ಗದ್ದೆಯವರು ಬೇರೆ ಮಿಷನ್ನು ಕರೆಸುತ್ತಾರೆ, ಆಮೇಲೆ ಆ ಊರಿನ ಕೊಯ್ಲೇ ಅವಳ ಕೈ ತಪ್ಪುತ್ತದೆ.

"ಹೆಸರು ಹೇಳವ್ವ," ಅಂದ ಜಂಬಣ್ಣ.

ಪಕ್ಕೀರಮ್ಮ ನೆಲ ನೋಡಿದಳು. ಆ ಬುಷ್ಷಿನ ಹೆಸರು ಹಂಪಯ್ಯ. ಹನ್ನೆರಡು ವರ್ಷದ ಹಿಂದೆ ಅದನ್ನು ಮೊದಲು ಮುರಿದು ತಂದವನು ಅವಳ ಗಂಡ ಹಂಪಯ್ಯ. ಅವನು ತೀರಿಹೋಗಿ ಎರಡು ವರ್ಷವಾಗಿತ್ತು.

"ಗಂಡನ ಹೆಸರು ನಾ ಹೆಂಗ ಹೇಳ್ಲಿರಿ? ನಿಮಗ ಗೊತ್ತೈತಿ, ಕೊಡ್ರಿ."

"ನನಗ ಗೊತ್ತಿದ್ರ ಏನಾತು? ಒಯ್ಯಾಕಿ ನೀನು."

ಅವಳು ಮಿಷನ್ ಓಡಿಸುವ ಮಾರೇಶನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ಹಂಪಯ್ಯ! ಹಂಪಯ್ಯ ಕೊಡಣ್ಣ, ಲಗೂನ!" ಎಂದು ಮಾರೇಶ ಗದ್ದೆಯಿಂದಲೇ ಕಿರುಚಿದ. ಅಂಗಡಿಯಲ್ಲಿದ್ದ ನಾವು ನಾಲ್ವರು ಗಿರಾಕಿಗಳೂ ಹಂಪಯ್ಯ ಎಂದೆವು. ಜಂಬಣ್ಣ ಜಪ್ಪಯ್ಯ ಎನ್ನಲಿಲ್ಲ. ಬೇಕಾದರೆ ನಿಮಗೆಲ್ಲ ಒಂದೊಂದು ಹಂಪಯ್ಯ ಕೊಡುತ್ತೇನೆ, ಆದರೆ ನೀವು ಅದನ್ನು ಅವಳಿಗೆ ದಾಟಿಸಿದರೆ ನನ್ನ ಆಣೆ ಮುರಿಯುತ್ತದೆ ಅಂದ.

ನನಗೆ ಮೈಯೆಲ್ಲ ಉರಿಯಿತು. ವಿದ್ಯೆ ಇರುವುದು ಇಂಥ ಹೊತ್ತಿಗೇ ಅಲ್ಲವೇ ಎಂದುಕೊಂಡು ಎದ್ದು ನಿಂತೆ.

"ನೋಡಮ್ಮ, ಮನುಷ್ಯನ ಹೆಸರು ಅಂಕಿತನಾಮ. ಅದು ಒಬ್ಬನಿಗೇ ಸೇರಿದ್ದು. ಈ ಡಬ್ಬಿಯಲ್ಲಿ ಅರವತ್ತು ಹಂಪಯ್ಯ ಇದಾವೆ. ಅಂದರೆ ಇಲ್ಲಿ ಅದು ರೂಢನಾಮ. ಕಲ್ಲು, ಮರ, ಊರು ಇದ್ದ ಹಾಗೆ. ಅದರ ಅರ್ಥ ಬರೀ ಬುಷ್. ನಿನ್ನ ಗಂಡನಿಗೂ ಅದಕ್ಕೂ ಸಂಬಂಧ ಇಲ್ಲ."

ಪಕ್ಕೀರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಂಬಂಧ ಇಲ್ಲಂದ್ರ ಆ ಹೆಸರು ಯಾಕ ಇಟ್ರಿ ಸರ? ಅವ್ರು ಮಳ್ಯಾಗ ತೊಯ್ಸಿಕೊಂಡು ತಂದಿದ್ರು ಅಂತ ತಾನ? ದವಾಖಾನ್ಯಾಗ ಕಡೀ ದಿನ ನರ್ಸಮ್ಮ ಪೇಶಂಟ್ ಹೆಸರೇನಂದ್ಲು. ಆವಾಗ್ಲೂ ಹೇಳ್ಲಿಲ್ಲ, ಆಧಾರ್ ಕಾರ್ಡ್ ತೋರಿಸ್ದೆ. ಈಗ ಒಂದು ಹಿತ್ತಾಳಿ ಬಳಿಗೆ ಹೇಳ್ಲೇನು?"

ನಾನು ಕೂತೆ.

ಪಕ್ಕದ ಚಹಾ ಅಂಗಡಿಯ ಹೊನ್ನೂರಮ್ಮ ಲೋಟ ಒಯ್ಯಲು ಬಂದವಳು ಎಲ್ಲ ಕೇಳಿ, "ಅಷ್ಟಕ್ಯಾಕ ಗದ್ದಲ? ಮದುವ್ಯಾಗ ಹೇಳ್ತೀವಲ್ಲ, ಹಂಗ ಒಡಪು ಹಾಕಿ ಹೇಳವ್ವ," ಅಂದುಬಿಟ್ಟಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳುವುದು ಮುತ್ತೈದೆಯರ ಆಟ. ಪಕ್ಕೀರಮ್ಮನ ಹಣೆ ಬೋಳಾಗಿತ್ತು. ಲೇಥ್ ತಿರುಗಿಸುತ್ತಿದ್ದ ಹುಲುಗೇಶ್ ಕೂಡ ಮಿಷನ್ ಆರಿಸಿದ.

ಹೊರಗೆ ಗುಡುಗಿತು. ಪಕ್ಕೀರಮ್ಮ ಒಮ್ಮೆ ಆಕಾಶ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಮದುವ್ಯಾಗ ನಾಚಿಕಿ ಬಂದು ಅರ್ಧಕ್ಕ ನುಂಗಿದ್ದೆ," ಅಂದಳು. ಆಮೇಲೆ ಗ್ರೀಸ್ ಡಬ್ಬಿಗಳ ಮುಂದೆ ನೆಟ್ಟಗೆ ನಿಂತು ಹೇಳಿದಳು:

"ಸಿರುಗುಪ್ಪದ ಗದ್ದ್ಯಾಗ ನೆಲ್ಲಿನ ತೆನಿ ಬಾಗೈತಿ,
ಅರ್ಧ ಕೊಯ್ದ ಮಿಷನ್ನು ದಾರಿ ಕಾಯಾಕತ್ತೈತಿ,
ಕೌಲ್ ಬಜಾರಕ ಬಂದು ಕೇಳಾಕತ್ತೀನಿ ಎಲ್ಲಾರ್ನ,
ಮಳಿ ಬರೂದ್ರೊಳಗ ಕೊಡ್ರಿ ನನ್ನ ಹಂಪಯ್ಯನ್ನ."

ಮದುವೆ ಮನೆಯಾಗಿದ್ದರೆ ಹೆಂಗಸರು ಹೋ ಎಂದು ನಗುತ್ತಿದ್ದರು. ಇಲ್ಲಿ ಹೊನ್ನೂರಮ್ಮ ಲೋಟಗಳನ್ನು ಎದೆಗೆ ಅವಚಿಕೊಂಡು ಅತ್ತಳು. ಜಂಬಣ್ಣ ಸ್ಟೂಲು ಹತ್ತಿ ಡಬ್ಬಿ ಇಳಿಸಿದ. ಒಂದು ಬುಷ್ ಆರಿಸಿ, ತನ್ನ ಪಂಚೆಯ ಅಂಚಿನಿಂದ ಒರೆಸಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

ಅವಳು ತೆಗೆದುಕೊಂಡಳು, ಆದರೆ ಹೊರಡಲಿಲ್ಲ. ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು, ಹೊರಗೆ ಅವಳನ್ನು ಕರೆತಂದ ಆಟೋದವನು ಹಾರ್ನ್ ಹೊಡೆಯುತ್ತಿದ್ದ.

"ಇನ್ನೊಮ್ಮಿ ಹೇಳ್ಲೇನ್ರಿ?" ಎಂದು ಕೇಳಿದಳು.

"ಬ್ಯಾಡವ್ವ, ನನ್ನ ಆಣಿಗೆ ಒಮ್ಮಿ ಹೇಳಿದ್ರ ಸಾಕು," ಅಂದ ಜಂಬಣ್ಣ.

"ನಿಮಗ ಸಾಕಾತು," ಅಂದಳು ಪಕ್ಕೀರಮ್ಮ. ಆ ಬುಷ್ಷನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಒಡಪಿಲ್ಲದೆ, ಮನೆಯೊಳಗಿಂದ ಯಾರನ್ನೋ ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ, "ಹಂಪಯ್ಯಾ," ಅಂದಳು.