ಮನೆಯಲ್ಲಿ ಎಷ್ಟು ಜನ

ಆ ಶಾಲೆಯಲ್ಲಿ ಮೂರು ವರ್ಷದ ಕೂಸಿನಿಂದ ಹಿಡಿದು ಮೀಸೆ ಮೂಡಿದ ಹನ್ನೆರಡನೇ ತರಗತಿಯವರೆಗೆ ಎಲ್ಲರೂ ಒಂದು ತಿಂಗಳು ಒಂದೇ ವಿಷಯ ಕಲಿಯಬೇಕು. ಪಠ್ಯಕ್ರಮ ಅಂದರೆ ಹೂವಿನ ಸರ ಇದ್ದ ಹಾಗೆ, ದಾರ ಒಂದೇ ಇರಬೇಕು ಅನ್ನುವುದು ಮಿಸೆಸ್ ಹಾರ್ಗ್ರೀವ್ ಅವರ ಮಾತು. ಅವರು ಇಂಗ್ಲೆಂಡಿನಿಂದ ಯಾಂಗೋನಿಗೆ ಬಂದು ಈ ಅಂತರರಾಷ್ಟ್ರೀಯ ಶಾಲೆಯ ಪಾಠಗಳನ್ನೆಲ್ಲ ಹೊಂದಿಸಿ ಕೊಡುವ ಹೆಂಗಸು. ಊರ ಬೀದಿಗಳಲ್ಲಿ ಸೈನ್ಯದ ಲಾರಿ ಓಡಾಡಿದ ವರ್ಷವೂ ಅವರ ದಾರ ಹರಿದಿರಲಿಲ್ಲ.

ಈ ತಿಂಗಳ ವಿಷಯ ‘ನಮ್ಮ ಮನೆ, ನಮ್ಮ ಜನ’. ಪುಟಾಣಿಗಳು ಶೂ ಡಬ್ಬಿಯಲ್ಲಿ ಮನೆ ಕಟ್ಟಿ, ಜೇಡಿಮಣ್ಣಿನಲ್ಲಿ ಮನೆಯವರನ್ನು ಮಾಡಿ ಒಳಗಿಡಬೇಕು. ಒಂಬತ್ತನೆಯವರು ಆ ಮನೆಗಳಲ್ಲಿ ಎಷ್ಟೆಷ್ಟು ಜನ ಅಂತ ಎಣಿಸಿ ಗಣಿತಕ್ಕೆ ಗ್ರಾಫ್ ಬರೆಯಬೇಕು. ಹನ್ನೆರಡನೆಯವರು ಜನ ಯಾಕೆ ಊರು ಬಿಟ್ಟು ಹೋಗುತ್ತಾರೆ ಅಂತ ಪ್ರಬಂಧ ಬರೆಯಬೇಕು. ಯಾಕೆ ಹೋಗುತ್ತಾರಂತೆ! ಕಿಟಕಿ ತೆಗೆದು ಬೀದಿ ನೋಡಿದ್ದರೆ ಸಾಕಿತ್ತು, ಪ್ರಬಂಧವೇ ಬೇಕಿರಲಿಲ್ಲ. ಶುಕ್ರವಾರ ಇದೆಲ್ಲದರ ಪ್ರದರ್ಶನ. ತಂದೆ ತಾಯಿಯರೆಲ್ಲ ಬಂದು ನೋಡಿ, ಚಹಾ ಕುಡಿದು ಹೋಗಬೇಕು.

ಮನೆಯಲ್ಲಿ ಎಷ್ಟು ಜನ ಅಂತ ಕೇಳುವವರು ಈ ಊರಲ್ಲಿ ಬೇರೆಯೇ ಇದ್ದರು. ರಾತ್ರಿ ನೆಂಟರು ತಂಗಿದರೂ ವಾರ್ಡ್ ಕಚೇರಿಗೆ ಹೋಗಿ ಹೇಳಬೇಕು. ಹೇಳದೆ ಇಟ್ಟುಕೊಂಡಿದ್ದು ಗೊತ್ತಾದರೆ ಬಾಗಿಲು ತಟ್ಟುವವರು ಬೂಟು ಹಾಕಿಕೊಂಡು ಬರುತ್ತಾರೆ. ಮಿಸೆಸ್ ಹಾರ್ಗ್ರೀವ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಪಠ್ಯಕ್ರಮದಲ್ಲಿ ಇರಲಿಲ್ಲ, ಅಷ್ಟೆ.

ಪುಟಾಣಿಗಳ ಟೀಚರ್ ನ್ವೇ ಯೀ. ದೊಡ್ಡವರೆಲ್ಲ ಅವಳನ್ನು ಸಯಾಮಾ ಅನ್ನುತ್ತಿದ್ದರು, ಅಂದರೆ ಮೇಡಂ. ಮಗು ಏನು ಹೇಳಿದರೂ ತಿದ್ದಬಾರದು, ಕೆದಕಿ ಕೇಳಬೇಕು, ಹೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳಿ ಉಳಿದ ಮಕ್ಕಳಿಗೆ ಕೇಳಿಸಬೇಕು. ಇದು ಅಲ್ಲಿನ ಕಲಿಸುವ ರೀತಿ. ವರ್ಷಗಟ್ಟಲೆ ಮಾಡಿ ಮಾಡಿ ಅವಳಿಗೆ ಅದು ಉಸಿರಾಟದಷ್ಟೇ ಸಲೀಸಾಗಿತ್ತು. ಬಾಯಿ ಬಿಡದ ಮಗುವಿನ ಬಾಯನ್ನೂ ವಾರದೊಳಗೆ ಬಿಡಿಸುತ್ತಾಳೆ ಅಂತ ಹೆಸರು ಪಡೆದಿದ್ದಳು. ಆ ಹೆಸರಿನ ಬಗ್ಗೆ ಒಳಗೊಳಗೇ ಬೀಗುತ್ತಲೂ ಇದ್ದಳು.

ಸೋಮವಾರ ಮೋ ಮೋ ತನ್ನ ಮನೆ ಮುಗಿಸಿದಳು. ನಾಲ್ಕು ವರ್ಷದ ಹುಡುಗಿ, ಎರಡೂ ಕೆನ್ನೆಗೆ ಬಳಿದ ತನಾಖಾ ಗಂಧ ಬೆವರಿಗೆ ಅರ್ಧ ಕರಗಿತ್ತು. ಡಬ್ಬಿಯೊಳಗೆ ಮಣ್ಣಿನ ಗೊಂಬೆ ನಾಲ್ಕು. ಐದನೆಯದನ್ನು ರಟ್ಟಿನ ಮಾಡಿನ ಕೆಳಗೆ ಮಲಗಿಸಿದ್ದಳು.

“ಇವ್ರು ಯಾರಮ್ಮ, ಮೇಲೆ ಮಲಗಿರೋರು?”

“ಮಾವ.”

“ಹೌದಾ? ಮಾವ ಅಲ್ಲಿ ಏನ್ ಮಾಡ್ತಾರೆ?”

“ಮಲಗ್ತಾನೆ. ಓದ್ತಾನೆ. ಕೆಳಗೆ ಬಂದ್ರೆ ಅಜ್ಜಿ ಪರದೆ ಎಳೀತಾಳೆ.”

“ಕೇಳಿದ್ರಾ ಮಕ್ಳೇ? ಮೋ ಮೋ ಮಾವ ಅಟ್ಟದ ಮೇಲೆ ಮಲಗ್ತಾರಂತೆ! ಕೆಳಗೆ ಬಂದ್ರೆ ಅಜ್ಜಿ ಪರದೆ ಎಳೀತಾರಂತೆ!”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಏನು ಮಾತು ಅಂತ ಅವಳಿಗೆ ತಿಳಿಯಿತು. 

ಮೋ ಮೋಳ ಸೋದರಮಾವ ಡಾಕ್ಟರ್ ಜೇಯಾ. ಆಸ್ಪತ್ರೆ ಬಿಟ್ಟು ಸೈನ್ಯದ ಆಡಳಿತದ ವಿರುದ್ಧ ಮುಷ್ಕರಕ್ಕೆ ಇಳಿದವನು, ಗುಂಡೇಟು ತಿಂದ ಹುಡುಗರಿಗೆ ಕದ್ದು ಔಷಧಿ ಮಾಡಿದವನು. ಅವನ ಮುಖವನ್ನು ಟಿವಿಯಲ್ಲಿ ತೋರಿಸಿ, ಹಿಡಿದುಕೊಡಿ ಅಂದಿದ್ದರು. ಸೈನಿಕರು ಎರಡು ಸಲ ಆ ಮನೆ ಜಾಲಾಡಿ ಬರಿಗೈಲಿ ಹೋಗಿದ್ದರು. ಥಾಯ್ ಗಡಿ ದಾಟಿದ ಅಂತ ಊರೇ ನಂಬಿತ್ತು. ಹಿಂದೆ ಸೋದರ ಸೊಸೆಯನ್ನು ಕರೆದುಕೊಂಡು ಹೋಗಲು ಶಾಲೆಗೆ ಬರುತ್ತಿದ್ದ. ನ್ವೇ ಯೀಯ ತಾಯಿಯ ಕೆಮ್ಮಿಗೆ ಗೇಟಿನ ಬಳಿ ನಿಂತೇ ಔಷಧಿ ಬರೆದುಕೊಟ್ಟ ಪುಣ್ಯಾತ್ಮ. ಈಗ ಅಟ್ಟದ ಮೇಲೆ ಮಲಗಿದ್ದಾನೆ, ಮತ್ತು ಅದನ್ನು ಅವಳೇ ತರಗತಿಗೆಲ್ಲ ಸಾರಿದ್ದಾಳೆ.

ಮಕ್ಕಳು ಮಣ್ಣು ಕಲಸುತ್ತಿದ್ದವು, ಒಂದೂ ತಲೆ ಎತ್ತಲಿಲ್ಲ. ಎತ್ತಿದವಳು ಒಬ್ಬಳೇ, ಎಣಿಸಲು ಬಂದಿದ್ದ ಒಂಬತ್ತನೇ ತರಗತಿಯ ಐಂದ್ರಾ. ಕರ್ನಲ್ ಸಾಹೇಬರ ಮಗಳು. ಅವಳ ಕಾರಿನ ಹಿಂದೆ ದಿನಾ ಒಂದು ಜೀಪು ಬರುತ್ತಿತ್ತು, ಜೀಪಿನಲ್ಲಿ ಬಂದೂಕಿನವರು. ಲಾರಿಗಳು ಬೀದಿಗೆ ಇಳಿದಂದಿನಿಂದ ಊಟದ ಮನೆಯಲ್ಲಿ ಅವಳ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ಐಂದ್ರಾ ಡಬ್ಬಿಯೊಳಗೆ ಬಗ್ಗಿ ನೋಡಿದಳು, ಪೆನ್ಸಿಲ್ ಆಡಿಸಿದಳು, ಪಕ್ಕದ ಮನೆಗೆ ಹೋದಳು.

ಬಿಡುವಿನಲ್ಲಿ ನ್ವೇ ಯೀ ಅವಳನ್ನು ಮೆಟ್ಟಿಲ ಬಳಿ ಹಿಡಿದಳು.

“ಐಂದ್ರಾ, ಆ ಮೋ ಮೋ ಇದಾಳಲ್ಲ, ಬರೀ ಕಥೆ ಕಟ್ತಾಳೆ ಕಣೇ. ಮೊನ್ನೆ ನಮ್ಮನೇಲಿ ಆನೆ ಇದೆ ಅಂದ್ಲು.”

“ಆನೆ ಎಣಿಸ್ಬೇಕಾ ಸಯಾಮಾ?” ಹುಡುಗಿ ನಗಲಿಲ್ಲ.

“ತಮಾಷೆ ಅಲ್ಲಮ್ಮ. ಅವಳ ಮನೇದು ಸರಿಯಾಗಿ ಬರಿ ಅಂತ ಹೇಳಿದೆ.”

“ನಾನು ಎಣಿಸೋಕೆ ಬಂದಿದ್ದು. ಮಾತು ಕೇಳಿಸ್ಕೊಳ್ಳೋಕೆ ಬಂದಿರಲಿಲ್ಲ.” ಎರಡು ಮೆಟ್ಟಿಲು ಇಳಿದವಳು ತಿರುಗಿದಳು. “ಶುಕ್ರವಾರ ನಮ್ಮಮ್ಮನೂ ಬರ್ತಾರೆ. ಅವರಿಗೆ ಚಿಕ್ಕ ಮಕ್ಕಳು ಅಂದ್ರೆ ಪ್ರಾಣ, ಎಲ್ಲರನ್ನೂ ಮಾತಾಡಿಸ್ತಾರೆ.”

ಅಷ್ಟು ಹೇಳಿ ಹೋದಳು. ಬೆದರಿಕೆಯೋ, ಎಚ್ಚರಿಕೆಯೋ, ಸುಮ್ಮನೆ ಆಡಿದ ಮಾತೋ?  ಅಂಥ ಮನೆಯ ಮಗಳ ಬಾಯಲ್ಲಿ ಒಳ್ಳೆಯ ಮಾತು ಯಾಕೆ ಬರುತ್ತದೆ ಅಂತ ನ್ವೇ ಯೀಯ ಮನಸ್ಸು ಕೆಟ್ಟದ್ದನ್ನೇ ಆರಿಸಿಕೊಂಡಿತು.

ಸಂಜೆ ಗೇಟಿನಲ್ಲಿ ಮೋ ಮೋಳ ತಾಯಿ ಸಂದಾ ಸಿಕ್ಕಳು. ಸುತ್ತ ಡ್ರೈವರುಗಳು, ಆಯಾಗಳು, ಕಾವಲಿನವರು. ಬಿಡಿಸಿ ಹೇಳುವ ಹಾಗಿಲ್ಲ.

“ಮೋ ಮೋ ಮನೆ ಚೆನ್ನಾಗಿ ಮಾಡಿದಾಳೆ. ಒಂದು ಗೊಂಬೆ ಮಾತ್ರ ಹೆಚ್ಚಾಗಿದೆ,” ಅಂದಳು ನ್ವೇ ಯೀ ಮೆಲ್ಲಗೆ.

ಸಂದಾಳ ಮುಖದ ಮೇಲೆ ನಗು ಹಾಗೇ ಇತ್ತು, ಕಣ್ಣು ಮಾತ್ರ ಸತ್ತುಹೋಯಿತು. “ನಮ್ಮನೇಲಿ ನಾಲ್ಕೇ ಜನ ಸಯಾಮಾ. ಎಲ್ಲರಿಗೂ ಗೊತ್ತು. ನಿಮಗೆ ಯಾರು ಕೇಳೋಕೆ ಹೇಳಿದ್ದು?”

“ಅಯ್ಯೋ, ಯಾರೂ ಇಲ್ಲ! ನಾನು ನಿಮ್ಮ ಒಳ್ಳೇದಕ್ಕೇ...”

“ನಮ್ಮ ಒಳ್ಳೇದು ನಾವು ನೋಡ್ಕೋತೀವಿ. ಬಾ ಪುಟ್ಟಿ.”

ಯಾರು ಯಾರ ಕಿವಿ ಅಂತ ತಿಳಿಯದ ಊರಿನಲ್ಲಿ ಇನ್ನೇನು ಉತ್ತರ ಬರಬೇಕು? ಸಂದಾಳ ಜಾಗದಲ್ಲಿ ತಾನಿದ್ದರೂ ಹಾಗೇ ಅನ್ನುತ್ತಿದ್ದೆ ಅಂತ ನ್ವೇ ಯೀಗೆ ಗೊತ್ತಿತ್ತು. 

ತರಗತಿಗೆ ಮರಳಿದಳು. ಮಾಡಿನ ಕೆಳಗಿನ ಗೊಂಬೆಯನ್ನು ತೆಗೆದು ಅಂಗೈಯಲ್ಲಿ ಹಿಸುಕಿ, ಮಣ್ಣಿನ ಮುದ್ದೆಗೆ ಸೇರಿಸಿಬಿಟ್ಟಳು. ಮರುದಿನ ಬೆಳಗ್ಗೆ ಮೋ ಮೋ ಡಬ್ಬಿ ನೋಡಿದವಳೇ ಶಾಲೆ ಹಾರಿಹೋಗುವ ಹಾಗೆ ಅತ್ತಳು.

“ಮಾವ ಎಲ್ಲಿ? ನನ್ನ ಮಾವನ್ನ ಯಾರು ತಗೊಂಡ್ರು?”

ಪಕ್ಕದ ತರಗತಿಯ ಟೀಚರ್ ಬಾಗಿಲಲ್ಲಿ ಇಣುಕಿದಳು. ನ್ವೇ ಯೀ ಮಗುವನ್ನು ಎತ್ತಿಕೊಂಡು ಆಟಿಕೆಯ ಕೋಣೆಗೆ ಓಡಿದಳು. ಅಲ್ಲಿ, ಬಾಗಿಲು ಹಾಕಿಕೊಂಡು, ಇಷ್ಟು ವರ್ಷ ಯಾವ ಮಗುವಿಗೂ ಮಾಡದ್ದನ್ನು ಮಾಡಿದಳು. ನೀನು ಹೇಳಿದ್ದು ತಪ್ಪು ಅಂದಳು. ಬೆರಳು ಹಿಡಿದು ಕಲಿಸಿದಳು.

“ಅಪ್ಪ ಒಂದು, ಅಮ್ಮ ಎರಡು, ಅಜ್ಜಿ ಮೂರು, ಮೋ ಮೋ ನಾಲ್ಕು. ಆಯ್ತು, ಮುಗೀತು.”

“ಮಾವ ಐದು,” ಅಂದಿತು ಮಗು ಹೆಬ್ಬೆರಳು ಎತ್ತಿ.

“ಮಾವ ಇಲ್ಲ. ಮಾವನ್ನ ಹೇಳಬಾರದು. ಯಾರು ಕೇಳಿದ್ರೂ ನಾಲ್ಕು.”

“ಯಾಕೆ?”

ಯಾಕೆ ಅಂತ ಕೇಳಿದರೆ ಮೆಚ್ಚಿ ಚಪ್ಪಾಳೆ ತಟ್ಟಬೇಕು ಅನ್ನುವ ಶಾಲೆ ಅದು. “ಟೀಚರ್ ಹೇಳಿದಾರೆ, ಅದಕ್ಕೆ,” ಅಂದು ನ್ವೇ ಯೀ ಆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು.  ಗುರುವಾರದವರೆಗೂ ಬಿಡುವು ಸಿಕ್ಕಾಗಲೆಲ್ಲ ಇದೇ ಪಾಠ. ಜಾಣೆ ಮಗು, ಬೇಗ ಕಲಿಯಿತು. ಕಲಿತದ್ದಕ್ಕೆ ಹಣೆಗೆ ಹೊಳೆಯುವ ನಕ್ಷತ್ರದ ಚೀಟಿ ಅಂಟಿಸಿಕೊಂಡು ಕುಣಿಯಿತು.

ಶುಕ್ರವಾರ ಸಭಾಂಗಣ ತುಂಬಿ ತುಳುಕಿತು. ಒಂದು ಗೋಡೆಯ ಉದ್ದಕ್ಕೂ ಪುಟಾಣಿಗಳ ಡಬ್ಬಿಗಳು, ಅವುಗಳ ಮೇಲೆ ಗೋಡೆಗೆ ಒಂಬತ್ತನೆಯವರ ಗ್ರಾಫ್‌ಗಳು. ನ್ವೇ ಯೀ ಬಂದವಳೇ ಐಂದ್ರಾಳ ಗ್ರಾಫ್ ಹುಡುಕಿದಳು. ಮೋ ಮೋಳ ಹೆಸರಿನ ಮೇಲೆ ಕೆಂಪು ಕಂಬ. ನಾಲ್ಕು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ನಾಲ್ಕೇ. ಹುಡುಗಿ ಆವತ್ತೇ ಎಲ್ಲ ತಿಳಿದುಕೊಂಡಿದ್ದಳು, ಆವತ್ತೇ ಒಂದನ್ನು ನುಂಗಿಕೊಂಡಿದ್ದಳು. ಗ್ರಾಫಿನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದ ಐಂದ್ರಾ ಇವಳನ್ನು ನೋಡಿದಳು. ಒಂದು ಚಣ ಅಷ್ಟೆ, ಆಮೇಲೆ ಕಣ್ಣು ತಗ್ಗಿಸಿದಳು.  ಅಯ್ಯೋ, ಈ ಮಗುವನ್ನು ಏನೆಂದುಕೊಂಡೆ ನಾನು! ವಾರವೆಲ್ಲ ಹೆದರಿ ಸತ್ತದ್ದು ಯಾರಿಗೆ!

ಕರ್ನಲರ ಹೆಂಡತಿ ದಾವ್ ಯೂಜನಾ ಆಗಲೇ ಡಬ್ಬಿಗಳ ಸಾಲಿನಲ್ಲಿ ಬರುತ್ತಿದ್ದರು. ಅಲ್ಲಿನ ಹೆಂಗಸರು ಉಡುವ ರೇಷ್ಮೆ ಲುಂಗಿ, ಮುಡಿಯಲ್ಲಿ ಬಿಳಿ ಹೂವು, ನಿಜಕ್ಕೂ ಪ್ರೀತಿಯ ಹೆಂಗಸು. ಪ್ರತಿ ಮಗುವಿನ ಮುಂದೆ ಮಂಡಿಯೂರಿ ಕೂತು, ಕೆನ್ನೆ ಮುಟ್ಟಿ ಮಾತಾಡಿಸುತ್ತಿದ್ದರು. ಪಕ್ಕದಲ್ಲಿ ಮಿಸೆಸ್ ಹಾರ್ಗ್ರೀವ್ ತಮ್ಮ ದಾರದ ಕಥೆ ಹೇಳುತ್ತಾ ಬರುತ್ತಿದ್ದರು.

“ಇದು ಯಾರ ಮನೆ? ನಿಂದಾ ಬಂಗಾರಿ?”

“ನಂದು,” ಅಂದಳು ಮೋ ಮೋ.

“ಎಷ್ಟು ಚೆನ್ನಾಗಿದೆ! ಎಷ್ಟು ಜನ ಇದೀರಾ ಇದರಲ್ಲಿ?”

ಮೋ ಮೋ ಟೀಚರ್ ಕಡೆ ನೋಡಿ ನಕ್ಕಳು. ಕೈ ಎತ್ತಿದಳು. “ಅಪ್ಪ ಒಂದು, ಅಮ್ಮ ಎರಡು, ಅಜ್ಜಿ ಮೂರು, ಮೋ ಮೋ ನಾಲ್ಕು.” ಆಮೇಲೆ ಎಲ್ಲರೂ ನೋಡಲಿ ಅಂತ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ತೋರಿಸಿದಳು. “ಮಾವನ್ನ ಹೇಳಬಾರದು. ಯಾರು ಕೇಳಿದ್ರೂ ಹೇಳಬಾರದು.”

ಐಂದ್ರಾಳ ಮುಖ ಬಿಳಿಚಿಕೊಂಡಿತು. “ಅಮ್ಮಾ, ಬಾ, ನನ್ನ ಗ್ರಾಫ್ ನೋಡು,” ಅಂತ ತಾಯಿಯ ತೋಳು ಎಳೆದಳು.

ದಾವ್ ಯೂಜನಾ ಮಗಳ ಕೈಯನ್ನು ಮೃದುವಾಗಿ ಬಿಡಿಸಿದರು. ಗ್ರಾಫ್ ನೋಡಿದರು. ಮಗಳ ಮುಖ ನೋಡಿದರು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಎದ್ದು ಲುಂಗಿ ಸರಿಮಾಡಿಕೊಂಡು, ಮಿಸೆಸ್ ಹಾರ್ಗ್ರೀವ್ ಕಡೆ ತಿರುಗಿ ನಕ್ಕರು.

“ತುಂಬ ಚೂಟಿ ಮಗು. ಯಾರ ಮಗಳಂತೆ ಇವಳು?”

ಮಿಸೆಸ್ ಹಾರ್ಗ್ರೀವ್ ಹಿಗ್ಗಿ ಹೀರೆಕಾಯಿಯಾಗಿ ತಂದೆಯ ಹೆಸರು, ತಾಯಿಯ ಹೆಸರು ಎರಡನ್ನೂ ಹೇಳಿದರು. ದಾವ್ ಯೂಜನಾ ತಲೆದೂಗಿ, ಕೈಚೀಲದಿಂದ ಫೋನ್ ತೆಗೆದುಕೊಂಡು ವರಾಂಡದ ಕಡೆ ನಡೆದರು.

ನ್ವೇ ಯೀ ಜನರನ್ನು ತಳ್ಳಿಕೊಂಡು ಚಹಾದ ಮೇಜಿನ ಬಳಿ ಓಡಿದಳು. ಸಂದಾ ಅಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು.

“ಮನೆಗೆ ಹೋಗಿ. ಈಗಲೇ. ಫೋನ್ ಮಾಡ್ತಿದಾರೆ ಅವರು.”

ಸಂದಾ ವರಾಂಡದ ಕಡೆ ನೋಡಿದಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ನೀವೇ ಹೇಳಿದ್ರಿ ಅಲ್ವಾ,” ಅಂದಳು, ಬರೀ ಇಷ್ಟೇ.  ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ಸಂದಾ ಮಗಳನ್ನು ಹುಡುಕಲೂ ನಿಲ್ಲದೆ, ಚಪ್ಪಲಿ ಕಾಲಿಗೆ ತೊಡಕುತ್ತಿದ್ದರೂ ಗೇಟಿನ ಕಡೆ ಓಡಿದಳು. ಗೇಟಿನ ಹೊರಗೆ ನಿಂತಿದ್ದ ಜೀಪು ಆಗಲೇ ಹೊರಟುಹೋಗಿತ್ತು.

ಮಧ್ಯಾಹ್ನಕ್ಕೆ ಸಭಾಂಗಣ ಖಾಲಿಯಾಯಿತು. ಆಯಾಗಳು ಕುರ್ಚಿ ಮಡಚಿದರು. ಐಂದ್ರಾಳನ್ನು ತಾಯಿ ತಾವೇ ಕೈ ಹಿಡಿದು ಕಾರಿಗೆ ಕರೆದೊಯ್ದರು, ಹುಡುಗಿ ತಲೆ ಎತ್ತಲಿಲ್ಲ. ಎಲ್ಲ ಮಕ್ಕಳೂ ಹೋದರು. ಮೋ ಮೋಳನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ನ್ವೇ ಯೀ ಮನೆಗೆ ಫೋನ್ ಮಾಡಿದಳು, ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಇನ್ನೊಂದು ಸಲ ಮಾಡಿದಾಗ ಯಾರೋ ಗಂಡಸು ಎತ್ತಿಕೊಂಡ. ಮಾತಾಡಲಿಲ್ಲ, ಉಸಿರಾಡುತ್ತಾ ಈ ಕಡೆಯ ಮಾತಿಗೆ ಕಾಯುತ್ತಿದ್ದ. ಅವಳು ಫೋನ್ ಇಟ್ಟುಬಿಟ್ಟಳು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂದಿತ್ತು. ಮೋ ಮೋ ಟೀಚರ್ ತೊಡೆಯ ಮೇಲೆ ತಲೆ ಇಟ್ಟು, ಮಲಗಿದಲ್ಲಿಂದಲೇ ಮೇಲೆ ನೋಡಿದಳು.

“ಟೀಚರ್, ನಾನು ಸರಿಯಾಗಿ ಹೇಳಿದೆ ಅಲ್ವಾ?”

“ಹೂಂ ಮಗಾ,” ಅಂದಳು ನ್ವೇ ಯೀ. “ನಾನು ಕಲಿಸಿದ ಹಾಗೇ ಹೇಳಿದೆ.”